ಒಂದೇ ನೀರಿನಲ್ಲಿ ಮೀನು ಮತ್ತು ಉಭಯವಾಸಿ: ಆಕ್ಸಲಾಟಲ್ ತೊಟ್ಟಿಯಿಂದ ವಿಜಯಪುರದ ಕೃಷಿ ಹೊಂಡದವರೆಗೆ

ಆಕ್ಸಲಾಟಲನ್ನು ಬೇರೆ ಜಲಚರಗಳ ಜೊತೆ ಒಂದೇ ಗಾಜಿನ ತೊಟ್ಟಿಯಲ್ಲಿ ಸಾಕಬಹುದೇ ಎಂದು ಕೇಳಿದರೆ ಮಾರುವವರು ಸಾಮಾನ್ಯವಾಗಿ ಸ್ವಭಾವದ ಮಾತಾಡುತ್ತಾರೆ. ಇದು ಸಾಧು, ಅದು ತಂಟೆಕೋರ, ಎರಡು ದಿನ ಬಿಟ್ಟರೆ ಹೊಂದಿಕೊಳ್ಳುತ್ತವೆ ಎನ್ನುತ್ತಾರೆ. ಸಹವಾಸದ ಪ್ರಶ್ನೆಯನ್ನು ಸ್ವಭಾವದಿಂದ ಬಿಡಿಸಲಾಗದು ಎಂಬುದು ನನ್ನ ವಾದ. ಬಾಯಿ ಎಷ್ಟು ಅಗಲ, ನೀರು ಎಷ್ಟು ಬಿಸಿ, ಎಂಥ ನೀರಿನಲ್ಲಿ ಆ ಜೀವಿಯ ವಂಶ ಬೆಳೆದುಬಂತು ಎಂಬ ಮೂರು ಸಂಗತಿಗಳೇ ಅದನ್ನು ನಿರ್ಧರಿಸುತ್ತವೆ. ಇದೇ ಅಳತೆಗೋಲನ್ನು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ಕೆರೆ, ಕೃಷಿ ಹೊಂಡಗಳಿಗೂ ಹಿಡಿದು ನೋಡಬಹುದು. ಅಣೆಕಟ್ಟಿನ ಊರಾದ ಆಲಮಟ್ಟಿ ಈಗ ನಿಡಗುಂದಿ ತಾಲ್ಲೂಕಿಗೆ ಸೇರಿದ್ದರೂ, ನೀರಿನ ಕಥೆ ಹೇಳಲು ಅನುಕೂಲವೆಂದು ಇಲ್ಲಿ ಹಳೆಯ ತಾಲ್ಲೂಕು ಗಡಿಗಳನ್ನೇ ಹಿಡಿದಿದ್ದೇನೆ.

ಮೊದಲು ಆಕ್ಸಲಾಟಲ್. ಆಂಬಿಸ್ಟೋಮಾ ಮೆಕ್ಸಿಕಾನಮ್ ಎಂಬುದು ಇದರ ಶಾಸ್ತ್ರೀಯ ಹೆಸರು. ಬಾಲವುಳ್ಳ ಉಭಯವಾಸಿಗಳ ಗುಂಪಿನದು. ಪ್ರಾಯಕ್ಕೆ ಬಂದರೂ ಮರಿಯ ರೂಪವನ್ನು ಬಿಡುವುದಿಲ್ಲ. ತಲೆಯ ಎರಡೂ ಪಕ್ಕ ಗರಿಯಂತೆ ಹರಡಿದ ಕಿವಿರುಗಳನ್ನು ಹೊತ್ತೇ ಮೊಟ್ಟೆಯಿಡುತ್ತದೆ, ನೀರಿನಲ್ಲೇ ಸಾಯುತ್ತದೆ. ಬೇಟೆಯ ಕ್ರಮ ಸರಳ. ಮುಂದೆ ಏನೋ ಅಲುಗಿದರೆ ಬಾಯಿ ತೆರೆದು ಗಂಟಲಿನ ತಳವನ್ನು ಥಟ್ಟನೆ ಕೆಳಗಿಳಿಸುತ್ತದೆ. ಒಳಗೆ ನುಗ್ಗುವ ನೀರು ಬೇಟೆಯನ್ನು ಎಳೆದುಕೊಂಡೇ ಬರುತ್ತದೆ. ಕಣ್ಣು ಮಂದ, ಹಲ್ಲು ಹಿಡಿಯುವುದಕ್ಕಷ್ಟೇ, ಅಗಿಯುವುದಕ್ಕಲ್ಲ. ಹಾಗಾಗಿ ಬಾಯಲ್ಲಿ ಹಿಡಿಸುವುದೆಲ್ಲ ಅದಕ್ಕೆ ಆಹಾರ. ಗಪ್ಪಿ, ಸಿಗಡಿ, ಬಸವನಹುಳು, ತೊಟ್ಟಿಯ ತಳದ ಹರಳು, ಕಡೆಗೆ ತನ್ನದೇ ತಮ್ಮ ತಂಗಿಯರ ಕಾಲು. ಒಂದೇ ಸೂಲಿನ ಮರಿಗಳು ಒಂದರ ಕಾಲನ್ನೊಂದು ಕಚ್ಚಿ ತುಂಡರಿಸುವುದು ಸಾಮಾನ್ಯ. ಕಳೆದ ಕಾಲು ಮತ್ತೆ ಬೆಳೆಯುತ್ತದೆ ಎಂಬ ಕಾರಣಕ್ಕೂ ಪ್ರಯೋಗಾಲಯಗಳು ಈ ಪ್ರಾಣಿಯನ್ನು ಒಂದೂವರೆ ಶತಮಾನದಿಂದ ಸಾಕುತ್ತಿವೆ. ನುಂಗಿದ ಹರಳು ಮತ್ತು ಚಿಪ್ಪು ಕರುಳಲ್ಲಿ ಸಿಕ್ಕಿಕೊಂಡು ಜೀವಕ್ಕೇ ಕುತ್ತಾಗುವುದುಂಟು.

ಬಾಯಿಗೆ ಹಿಡಿಸದ ಮೀನನ್ನು ಬಿಟ್ಟರೆ ಸರಿಹೋಗುತ್ತದೆಯೇ ಎಂದರೆ, ಆಗ ಪೆಟ್ಟು ತಿರುಗಿ ಬೀಳುತ್ತದೆ. ಅಲುಗುವ ಕಿವಿರು ದೊಡ್ಡ ಮೀನಿನ ಕಣ್ಣಿಗೆ ಹುಳುವಿನಂತೆ ಕಾಣುತ್ತದೆ. ಅದು ಬಂದು ಬಂದು ಕುಟುಕುತ್ತದೆ. ಗಾಜಿಗೆ ಅಂಟಿ ಪಾಚಿ ತಿನ್ನುವ ಸಕ್ಕರ್ ಮೀನು ರಾತ್ರಿ ಆಕ್ಸಲಾಟಲಿನ ಮೈಗೆ ಅಂಟಿ ಲೋಳೆಪೊರೆಯನ್ನು ಕೆರೆಯುತ್ತದೆ. ಅದನ್ನು ನುಂಗಹೋದರೆ ರೆಕ್ಕೆಯ ಮುಳ್ಳು ಗಂಟಲಲ್ಲಿ ಅಡ್ಡ ನಿಲ್ಲುತ್ತದೆ. ಉಳಿದದ್ದು ಉಷ್ಣತೆ. ಆಕ್ಸಲಾಟಲಿಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ಹಿತ. 24 ದಾಟಿದರೆ ಅದು ಬಳಲುತ್ತದೆ. ಪೇಟೆಯಲ್ಲಿ ಸಿಗುವ ಉಷ್ಣವಲಯದ ಮೀನುಗಳಿಗೆ ಹಿತವಾಗುವುದೇ 24ರಿಂದ ಮೇಲೆ. ತಣ್ಣೀರಿಗೆ ಒಗ್ಗುವ ಗೋಲ್ಡ್‌ಫಿಶ್ ಬಿಡೋಣವೆಂದರೆ ಅದು ನೀರನ್ನು ಬೇಗ ಕೆಡಿಸುತ್ತದೆ, ಕಿವಿರನ್ನೂ ಬಿಡುವುದಿಲ್ಲ. ಸಾರಾಂಶ ಇಷ್ಟು: ಸರಿಸಮ ಗಾತ್ರದ ಇನ್ನೊಂದು ಆಕ್ಸಲಾಟಲ್ ಬಿಟ್ಟರೆ ಅದಕ್ಕೆ ಸುರಕ್ಷಿತ ಸಂಗಾತಿಯಿಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಜಿಲ್ಲೆಯಲ್ಲಂತೂ ನೀರು ತಂಪುಮಾಡುವ ಯಂತ್ರವಿಲ್ಲದೆ ಅದನ್ನು ಒಂಟಿಯಾಗಿ ಸಾಕುವುದೂ ಹಿಂಸೆಯೇ. ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿರುವ ಪ್ರಾಣಿಯಾದ್ದರಿಂದ, ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಸಾಕುವವರು ನೋಂದಣಿ ಮಾಡಿಸಬೇಕು ಎಂಬುದು ಬೇರೆ.

ತೊಟ್ಟಿಯ ಈ ಪಾಠವನ್ನು ಮೆಕ್ಸಿಕೋ ನಗರದ ದಕ್ಷಿಣಕ್ಕಿರುವ ಸೊಚಿಮಿಲ್ಕೊ ಕಾಲುವೆಗಳು ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟಿವೆ. ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದ ಆ ತಂಪು ನೀರೊಂದೇ ಇಂದು ಆಕ್ಸಲಾಟಲಿನ ಸಹಜ ನೆಲೆ. ಅಲ್ಲಿ ಸಣ್ಣ ಮೀನುಗಳಿದ್ದವು, ಆದರೆ ಎಲ್ಲಕ್ಕಿಂತ ದೊಡ್ಡ ಬಾಯಿ ಇದರದೇ ಆಗಿತ್ತು. 20ನೇ ಶತಮಾನದ ಉತ್ತರಾರ್ಧದಲ್ಲಿ ಜನರ ಆಹಾರಕ್ಕೆಂದು ಅಲ್ಲಿಗೆ ಸಾಮಾನ್ಯ ಗೆಂಡೆ ಮತ್ತು ತಿಲಾಪಿಯಾ ಬಂದವು. ಗೆಂಡೆ ತಳದ ಕೆಸರನ್ನು ಕೆದಕುತ್ತ ಜಲಸಸ್ಯಕ್ಕೆ ಅಂಟಿಸಿದ ಮೊಟ್ಟೆಗಳನ್ನು ಮೇಯ್ದರೆ, ತಿಲಾಪಿಯಾ ಮರಿಗಳನ್ನು ತಿಂದಿತು. ಎರಡೂ ಸೇರಿ ಅದರ ಆಹಾರಕ್ಕೂ ಪಾಲುದಾರರಾದವು. ನಗರದ ಕೊಳೆನೀರಿನ ಪಾಲೂ ಇದರಲ್ಲಿ ಸಣ್ಣದಲ್ಲ. ಅಲ್ಲಿನ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯದ ಲೂಯಿಸ್ ಸಾಂಬ್ರಾನೊ ಮತ್ತು ಸಂಗಡಿಗರು ವರ್ಷಗಳ ಕಾಲ ಬಲೆ ಬೀಸಿ ಎಣಿಸಿದ್ದಾರೆ. 1998ರಲ್ಲಿ ಚದರ ಕಿ.ಮೀ.ಗೆ ಸುಮಾರು 6,000 ಇದ್ದದ್ದು 2008ರ ಹೊತ್ತಿಗೆ 100ಕ್ಕೆ, 2014ಕ್ಕೆ 36ಕ್ಕೆ ಇಳಿದಿತ್ತು.

ಆ ಎರಡು ಮೀನುಗಳೂ ನಮಗೆ ಅಪರಿಚಿತವಲ್ಲ. ಮೊಜಾಂಬಿಕ್ ತಿಲಾಪಿಯಾ ಭಾರತಕ್ಕೆ ಬಂದದ್ದು 1952ರಲ್ಲಿ. ಕರ್ನಾಟಕದ ಮೀನು ಸಂತೆಗಳಲ್ಲಿ ಅದನ್ನು ಜಿಲೇಬಿ ಎಂದೇ ಮಾರುತ್ತಾರೆ. ಇಂದು ದೇಶದ ಹೊಂಡ ಹೊಂಡಗಳಲ್ಲಿರುವ ಸಾಮಾನ್ಯ ಗೆಂಡೆಯ ತಳಿ 1957ರಲ್ಲಿ ಬ್ಯಾಂಕಾಕಿನಿಂದ ಕಟಕಕ್ಕೆ ಬಂದದ್ದು. ಸೊಚಿಮಿಲ್ಕೊದ ಆಕ್ಸಲಾಟಲಿನ ಜಾಗದಲ್ಲಿ ನಮ್ಮಲ್ಲಿ ಇರುವುದು ಗೂಳಿಗಪ್ಪೆ. ಬಾಲವುಳ್ಳ ಉಭಯವಾಸಿ ಕರ್ನಾಟಕದಲ್ಲಿಲ್ಲ. ಅವನ್ನು ನೋಡಲು ಡಾರ್ಜಿಲಿಂಗಿನ ಕಡೆ ಹೋಗಬೇಕು. ಆದರೆ ಮಳೆಗಾಲದ ಕಿರುನೀರಿನಲ್ಲಿ ಗೂಳಿಗಪ್ಪೆಯ ಸಂಸಾರಕ್ಕೆ ಆಕ್ಸಲಾಟಲಿನದೇ ಸ್ಥಾನ.

ಮೊದಲ ದೊಡ್ಡ ಮಳೆ ಬಿದ್ದು ಎರೆ ಹೊಲದ ತಗ್ಗಿನಲ್ಲಿ ನೀರು ನಿಂತ ರಾತ್ರಿ ನೋಡಬೇಕು. ಅಲ್ಲಿಯವರೆಗೆ ನೆಲದಡಿ ಮಲಗಿದ್ದ ಗಂಡುಗಳು ಅರಿಶಿನ ಬಳಿದ ಮೈ, ನೀಲಿ ಸ್ವರಚೀಲಗಳೊಡನೆ ಮೇಲೆ ಬಂದು ಕೂಗುತ್ತವೆ. ಮೊಟ್ಟೆ ಒಡೆದ ಕೆಲವೇ ದಿನಗಳಲ್ಲಿ ಗೊದಮೊಟ್ಟೆಗಳು ಬೇಟೆಗಾರರಾಗುತ್ತವೆ. ತಟ್ಟೆಯಲ್ಲಿ ಎತ್ತಿಕೊಂಡು ಭೂತಗನ್ನಡಿ ಹಿಡಿದರೆ, ಬಾಯಲ್ಲಿ ಕೊಂಬಿನಂಥ ಗಟ್ಟಿ ದವಡೆ ಗಿಣಿಯ ಕೊಕ್ಕಿನಂತೆ ಕೂಡಿಕೊಂಡಿರುವುದು ಕಾಣುತ್ತದೆ. ಪಕ್ಕದ ಪುಟ್ಟ ಕಪ್ಪೆಯ ಗೊದಮೊಟ್ಟೆಯನ್ನು ಬಾಲದಿಂದ ಹಿಡಿದು ಹೊಟ್ಟೆಯವರೆಗೆ ಹರಿಯುತ್ತದೆ. ಸೊಳ್ಳೆಮರಿಯನ್ನೂ ಬಿಡದು, ಸ್ವಂತ ಕುಲವನ್ನೂ ಬಿಡದು. ಈ ಆತುರಕ್ಕೆ ಕಾರಣವಿದೆ. ವರ್ಷಕ್ಕೆ ಸುಮಾರು 600 ಮಿ.ಮೀ. ಆಸುಪಾಸು ಮಳೆಯಾಗುವ ನಾಡಿನಲ್ಲಿ ಆ ನೀರಿಗೆ ಆಯುಸ್ಸು ಕಡಿಮೆ. ತಿಂಗಳೊಪ್ಪತ್ತಿನಲ್ಲಿ ಕಾಲು ಮೂಡಿಸಿಕೊಂಡು ದಡ ಹತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನೀರು ಬತ್ತುವ ಈ ಅಪಾಯವೇ ಅದರ ರಕ್ಷಣೆಯೂ ಹೌದು, ಏಕೆಂದರೆ ಬತ್ತುವ ನೀರಿನಲ್ಲಿ ದೊಡ್ಡ ಮೀನು ನೆಲೆಯೂರಲಾಗದು.

ಈ ವ್ಯವಸ್ಥೆಯನ್ನೇ ನಾವು ಬದಲಿಸುತ್ತಿದ್ದೇವೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನಲ್ಲಿ ಇಂದು ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರದವರೆಗೆ 123 ಟಿಎಂಸಿ ನೀರು ನಿಲ್ಲುತ್ತದೆ. ಮುಳವಾಡ ಮತ್ತು ಚಿಮ್ಮಲಗಿ ಏತ ನೀರಾವರಿ ಬಾಗೇವಾಡಿಯ ಸುತ್ತಲಿನ ಎತ್ತರದ ನೆಲಕ್ಕೆ ಕೃಷ್ಣೆಯನ್ನು ಹತ್ತಿಸಿವೆ. ನಾರಾಯಣಪುರ ಎಡದಂಡೆಯ ಇಂಡಿ ಶಾಖಾ ಕಾಲುವೆ ಸಿಂದಗಿ, ಇಂಡಿಗಳತ್ತ ಹರಿಯುತ್ತದೆ. ಬೇಸಿಗೆಗೆ ಬಿರುಕು ಬಿಡುತ್ತಿದ್ದ ಕೆರೆಗಳನ್ನು ನದಿನೀರಿನಿಂದ ತುಂಬಿಸಲಾಗುತ್ತಿದೆ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆ ಮಳೆಯಾಶ್ರಿತ ಹೊಲಗಳಿಗೆ ಹೊಂಡಗಳನ್ನು ಕೊಟ್ಟಿತು. ಗುಳೆ ಹೋಗುತ್ತಿದ್ದ ಊರುಗಳಿಗೆ ಇದು ಎಂಥ ವರವೆಂದು ಹೇಳಬೇಕಾಗಿಲ್ಲ. ಇಂಡಿಯ ನಿಂಬೆ ತೋಟದವರನ್ನು ಕೇಳಿದರೆ ಸಾಕು. ಆದರೆ ನದಿನೀರಿನ ಜೊತೆ ನದಿಯ ಮೀನೂ ಬರುತ್ತದೆ, ನೀರು ಉಳಿದಲ್ಲಿ ಅದೂ ಉಳಿಯುತ್ತದೆ. ಮೇಲೆ ಬಿತ್ತನೆ ಮರಿಯನ್ನೂ ಬಿಡುತ್ತೇವೆ.

ಸಹವಾಸದ ಬಗ್ಗೆ ನಮ್ಮ ಮೀನುಗಾರಿಕೆಗೆ ಒಂದು ಸೊಗಸಾದ ಸಿದ್ಧಾಂತವಿದೆ. ಮಿಶ್ರ ಮೀನು ಸಾಕಣೆಯಲ್ಲಿ ಕಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ಬೆಳ್ಳಿಗೆಂಡೆ, ಹುಲ್ಲುಗೆಂಡೆ, ಸಾಮಾನ್ಯ ಗೆಂಡೆ ಸೇರಿದರೆ ಹೊಂಡದ ಯಾವ ಆಹಾರವೂ ವ್ಯರ್ಥವಾಗದು. ಲೆಕ್ಕ ಸರಿಯೇ. ಆದರೆ ಅದು ಮೀನು ಮೀನಿನ ನಡುವಿನ ಲೆಕ್ಕ. ಗೊದಮೊಟ್ಟೆಗೆ ಅದರಲ್ಲಿ ಪದರವಿಲ್ಲ. ಮರಿ ಬಿಡುವ ಮೊದಲು ಹೊಂಡ ಸಿದ್ಧಪಡಿಸಲು ಹೆಕ್ಟೇರಿಗೆ 2,500 ಕೆ.ಜಿ. ಹಿಪ್ಪೆ ಹಿಂಡಿ ಹಾಕಿ ಬೇಡದ ಮೀನನ್ನು ಕೊಲ್ಲುವ ಕ್ರಮವಿದೆ. ಅದರಲ್ಲಿ ಗೊದಮೊಟ್ಟೆಯೂ ಸಾಯುತ್ತದೆ. ಮೀನು ಮೀನಿನ ಲೆಕ್ಕವೂ ಸದಾ ಹೊಂದುವುದಿಲ್ಲ: ಹಿಮಾಚಲದ ಗೋವಿಂದ ಸಾಗರಕ್ಕೆ 1971ರಲ್ಲಿ ಆಕಸ್ಮಿಕವಾಗಿ ಸೇರಿದ ಬೆಳ್ಳಿಗೆಂಡೆ ಕೆಲವೇ ವರ್ಷಗಳಲ್ಲಿ ಕಟ್ಲಾವನ್ನು ಮೂಲೆಗೊತ್ತಿತು.

ಸೊಳ್ಳೆ ನಿಯಂತ್ರಣಕ್ಕೆಂದು ಬಾವಿ, ತೊಟ್ಟಿಗಳಿಗೆ ಬಿಡುವ ಗ್ಯಾಂಬೂಸಿಯಾ ಇನ್ನೊಂದು ಉದಾಹರಣೆ. 1928ರಲ್ಲಿ ಭಾರತಕ್ಕೆ ಬಂದ ಈ ಮೀನು ಬೆರಳುದ್ದವೂ ಇಲ್ಲ. ಗಾತ್ರ ನೋಡಿ ನಂಬುವಂತಿಲ್ಲ. ಕ್ಯಾಲಿಫೋರ್ನಿಯಾದ ತೊರೆಗಳಲ್ಲಿ ಅದು ನ್ಯೂಟ್ ಎಂಬ ಬಾಲವುಳ್ಳ ಉಭಯವಾಸಿಯ ಮರಿಗಳನ್ನು ತಿನ್ನುವುದನ್ನು 1996ರ ಅಧ್ಯಯನ ತೋರಿಸಿದೆ. ಮುಚ್ಚಿದ ಸಿಮೆಂಟ್ ತೊಟ್ಟಿಗೆ ಅದು ಸರಿ. ಹೊಲದ ತಗ್ಗಿಗೆ ಬೇಡ, ಅಲ್ಲಿ ಗೂಳಿಗಪ್ಪೆಯ ಮರಿಯೇ ಆ ಕೆಲಸವನ್ನು ಪುಕ್ಕಟೆ ಮಾಡುತ್ತದೆ.

ಎಲ್ಲ ಕಪ್ಪೆಗಳ ಪಾಡೂ ಒಂದೇ ಅಲ್ಲ ಎಂಬುದನ್ನೂ ಸೇರಿಸಬೇಕು. ನೆಲಗಪ್ಪೆಯ ಕಡುಕಪ್ಪು ಮರಿಗಳು ಮೀನಿಗೆ ರುಚಿಸುವುದಿಲ್ಲ. ಕಚ್ಚಿದ ಮೀನು ಉಗುಳುತ್ತದೆ. ನೀರಿನ ಮೇಲೆಯೇ ಜಿಗಿದೋಡುವ ದಡದ ಕಪ್ಪೆ ವರ್ಷವಿಡೀ ನಿಲ್ಲುವ ನೀರಿಗೆ ಹಳೆಯ ಒಕ್ಕಲು. ಹೊಂಡಗಳು ಹೆಚ್ಚಿದಷ್ಟೂ ಇವೆರಡಕ್ಕೂ ಅನುಕೂಲವೇ. ಸೋಲುವುದು ಗೂಳಿಗಪ್ಪೆ, ಬಿಲಗಪ್ಪೆ, ಕಿರುಬಾಯಿ ಕಪ್ಪೆಗಳಂಥ ಮಳೆನೀರಿನ ಕುಲಗಳು. ಹೀಗಾಗಿ ಕಪ್ಪೆಗಳ ಒಟ್ಟು ಸಂಖ್ಯೆ ಎಣಿಸಿ ಎಲ್ಲವೂ ಚೆನ್ನಾಗಿದೆ ಎನ್ನುವ ಸಮೀಕ್ಷೆಯನ್ನು ನಾನು ನಂಬಲಾರೆ. ಕಾಲಿನ ಮಾಂಸದ ರಫ್ತಿಗಾಗಿ ಗೂಳಿಗಪ್ಪೆಯನ್ನು ಹಿಡಿಯುತ್ತಿದ್ದ ಕಾಲದಲ್ಲಿ ಕಾರಣ ಕಣ್ಣಿಗೆ ಕಾಣುತ್ತಿತ್ತು, 1987ರಲ್ಲಿ ರಫ್ತು ನಿಷೇಧವಾಯಿತು. ಮೀನು ಬಿತ್ತನೆಯಿಂದಾಗುವ ನಷ್ಟ ಹಾಗೆ ಕಾಣುವುದಿಲ್ಲ.

ಸೊಚಿಮಿಲ್ಕೊದಲ್ಲಿ ರೈತರ ದ್ವೀಪದಂಥ ತೋಟಗಳ ಸುತ್ತಲಿನ ಕಿರುಗಾಲುವೆಗಳ ಎರಡೂ ತುದಿಗೆ ಜಾಲರಿ ಕಟ್ಟಿ, ತಿಲಾಪಿಯಾ, ಗೆಂಡೆ ಒಳಬರದಂತೆ ತಡೆದು ಆಕ್ಸಲಾಟಲಿಗೆ ಆಶ್ರಯ ಮಾಡಿದ್ದಾರೆ. ನಮಗೆ ಅಷ್ಟು ಖರ್ಚು ಬೇಡ. ಒಂದು ಊರಿನ ಹತ್ತಾರು ಹೊಂಡಗಳಲ್ಲಿ ಒಂದೆರಡಕ್ಕೆ ಕಾಲುವೆಯ ನೀರನ್ನೂ ಬಿತ್ತನೆ ಮರಿಯನ್ನೂ ಬಿಡದೆ, ಮಳೆನೀರಿಗಷ್ಟೇ ಬಿಟ್ಟು ಏಪ್ರಿಲ್‌ನಲ್ಲಿ ಪೂರ್ತಿ ಬತ್ತಲು ಬಿಟ್ಟರೆ ಜಿಲೇಬಿ ಅಲ್ಲಿ ಉಳಿಯದು. ತಾಡಪತ್ರಿ ಹಾಸಿದ ಕಡಿದಾದ ಹೊಂಡವಾದರೆ ಒಂದು ಬದಿಗೆ ಕಲ್ಲಿನ ಇಳಿಜಾರು ಬೇಕು, ಇಲ್ಲದಿದ್ದರೆ ಕಾಲು ಮೂಡಿದ ಮರಿ ದಡ ಹತ್ತಲಾರದೆ ಅಲ್ಲೇ ಸಾಯುತ್ತದೆ. ಯಾವ ಹೊಂಡವನ್ನು ಹೀಗೆ ಬಿಡಬೇಕೆಂಬುದನ್ನು ಮರಿ ಹಂಚುವ ಮೊದಲೇ, ಅಂದರೆ ಮುಂಗಾರಿಗೆ ಮುಂಚೆ, ಊರಿನವರು ಗೊತ್ತುಮಾಡಿಕೊಳ್ಳಬೇಕಾಗುತ್ತದೆ.