ನಾಯಿಗೆ ನಮ್ಮ ಸನ್ನೆ ಗೊತ್ತು, ನಮಗೆ ಅದರ ಸನ್ನೆ ಗೊತ್ತೇ?

ಮುಂಬೈನ ಯಾವುದೇ ಉಪನಗರದ ಸೊಸೈಟಿ ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತು ನೋಡಿ. ವಾಚ್‌ಮನ್ ಕೈ ತೋರಿಸಿದ ಕಡೆಗೆ ಬೀದಿನಾಯಿ ಹೋಗುತ್ತದೆ. ಅದಕ್ಕೆ ತರಬೇತಿ ಯಾರೂ ಕೊಟ್ಟಿಲ್ಲ.

ನಾಯಿಯ ಪೂರ್ವಜ ತೋಳ. ಕನಿಷ್ಠ 14,000 ವರ್ಷಗಳಿಂದ ನಾಯಿ ಮನುಷ್ಯನ ಜೊತೆಗಿದೆ. ಮನುಷ್ಯರಿಗೆ ಹೆಚ್ಚು ಹೆದರದ, ಅವರ ಮೇಲೆ ಎರಗದ ಪ್ರಾಣಿಗಳು ತಲೆಮಾರಿನಿಂದ ತಲೆಮಾರಿಗೆ ಹೆಚ್ಚಿದವು. ನಮ್ಮ ಮುಖ, ದನಿ, ಕೈಸನ್ನೆಗಳನ್ನು ಗಮನಿಸುವ ಗುಣವೂ ಬೆಳೆಯಿತು. ಹುಬ್ಬಿನ ಒಳತುದಿಯನ್ನು ಮೇಲೆತ್ತುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಹಾಗಿಲ್ಲ ಎಂದು 2019ರ ಒಂದು ಅಧ್ಯಯನ ತೋರಿಸಿತು. ನಮ್ಮ ಮನಸ್ಸು ಕರಗಿಸುವ ಆ 'ಪಾಪದ ಮುಖ' ಬರುವುದು ಅದರಿಂದಲೇ.

ಕೋಲ್ಕತ್ತದ ಐಸರ್ ಸಂಸ್ಥೆಯ ಸಂಶೋಧಕರು 2020ರಲ್ಲಿ 160 ಬೀದಿನಾಯಿಗಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಅಪರಿಚಿತರೊಬ್ಬರು ಎರಡು ಬಟ್ಟಲುಗಳಲ್ಲಿ ಒಂದನ್ನು ಬೆರಳಿನಿಂದ ತೋರಿಸುತ್ತಿದ್ದರು. ಹತ್ತಿರ ಬಂದ ನಾಯಿಗಳಲ್ಲಿ ಸುಮಾರು 80% ತೋರಿಸಿದ ಬಟ್ಟಲಿಗೇ ಹೋದವು. ಆದರೆ ಸುಮಾರು ಅರ್ಧದಷ್ಟು ನಾಯಿಗಳು ಹತ್ತಿರವೇ ಬರಲಿಲ್ಲ. ಅವುಗಳಲ್ಲಿ ಆತಂಕ ಹೆಚ್ಚಿತ್ತು. ಮಕ್ಕಳಿರುವ ಮನೆಯವರು ನೆನಪಿಡಬೇಕಾದದ್ದು ಈ ಅರ್ಧವನ್ನು.

ಬಾಲ ಅಲ್ಲಾಡಿಸುವುದೆಲ್ಲ ಸ್ನೇಹವಲ್ಲ. ಮೈ ಬಿಗಿಯಾಗಿ, ಬಾಲ ಮಾತ್ರ ಮೇಲೆತ್ತಿ ಆಡುತ್ತಿದ್ದರೆ ದೂರವಿರಿ. ಪದೇ ಪದೇ ತುಟಿ ನೆಕ್ಕುವುದು, ಆಕಳಿಸುವುದು, ಮುಖ ತಿರುಗಿಸುವುದು, ಕಣ್ಣಿನ ಬಿಳಿ ಕಾಣಿಸುವುದು: ಇವು 'ನನಗೆ ಹಿಂಸೆಯಾಗುತ್ತಿದೆ' ಎಂಬ ಸೂಚನೆಗಳು. ಮಗು ಅಪ್ಪಿಕೊಂಡಾಗ ಸಾಕುನಾಯಿಯೂ ಹೀಗೆ ಮಾಡಬಹುದು. ಗುರುಗುಟ್ಟಿದರೆ ಗದರಬೇಡಿ, ಮಗುವನ್ನು ಕರೆದುಕೊಳ್ಳಿ.

ರೇಬೀಸ್ ಬಂದ ನಾಯಿಯಲ್ಲಿ ಈ ಸನ್ನೆಗಳನ್ನು ನಂಬುವಂತಿಲ್ಲ. ಅದು ರೇಗಬಹುದು, ಮಂಕಾಗಿ ಮೂಲೆ ಸೇರಬಹುದು, ಅತಿಯಾಗಿ ಅಂಟಿಕೊಳ್ಳಲೂಬಹುದು. ಲಕ್ಷಣ ಕಾಣುವ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವೈರಸ್ ಇರುತ್ತದೆ. ಹಾಗಾಗಿ 'ನಮ್ಮ ಗಲ್ಲಿಯದೇ ನಾಯಿ, ಏನಾಗುವುದಿಲ್ಲ' ಎಂಬ ಮಾತು ಬೇಡ.

ಕಚ್ಚಿದರೆ, ಪರಚಿದರೆ ಅಥವಾ ಗಾಯದ ಮೇಲೆ ನೆಕ್ಕಿದರೆ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಔಷಧಿ ಅಂಗಡಿಯಲ್ಲಿ ನಾವು ಆಗಾಗ ಕೇಳುವ ಪ್ರಶ್ನೆ: 'ಟಿಟಿ ಇಂಜೆಕ್ಷನ್ ಸಾಕಲ್ಲವೇ?' ಸಾಕಾಗುವುದಿಲ್ಲ, ಟಿಟಿ ಧನುರ್ವಾಯುವಿಗೆ, ರೇಬೀಸ್‌ಗೆ ಅಲ್ಲ. ಅದೇ ದಿನ ಮಹಾನಗರಪಾಲಿಕೆಯ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಹಾಕುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ, ಅದನ್ನು ಕೇಳಿ. ಗರ್ಭಿಣಿಯರು, ಬಾಣಂತಿಯರು, ಹಸುಗೂಸುಗಳಿಗೂ ಈ ಲಸಿಕೆ ಕೊಡಬಹುದು. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನವನ್ನು 0 ಎಂದು ಎಣಿಸಿ 3, 7 ಮತ್ತು 28ನೇ ದಿನಗಳಲ್ಲಿ ಮತ್ತೆ ಹೋಗಬೇಕು. ನಾಲ್ಕೂ ತಾರೀಖುಗಳನ್ನು ಚೀಟಿಯ ಮೇಲೆ ಅಲ್ಲೇ ಬರೆಸಿಕೊಳ್ಳಿ.