ಸಾಮ್ಯುಯೆಲ್ ಅಜಾಯಿ ಕ್ರೌಥರನ ಸ್ವದೇಶ ಪುನರಾಗಮನ

ಯುದ್ಧದಲ್ಲಿ ಸೆರೆಸಿಕ್ಕಿ ಕಡಲಾಚೆಗೆ ಮಾರಲ್ಪಟ್ಟವರು ಮತ್ತೆ ಸ್ವದೇಶವನ್ನು ಕಂಡ ನಿದರ್ಶನಗಳು ಚರಿತ್ರೆಯಲ್ಲಿ ವಿರಳ. ಹಾಗೆ ಮರಳಿದವರಲ್ಲಿಯೂ ತಮ್ಮ ಬಾಲ್ಯದ ನಾಡನ್ನು ಮೊದಲಿದ್ದಂತೆಯೇ ಕಂಡವರು ಮತ್ತಷ್ಟು ವಿರಳ. ಪಶ್ಚಿಮ ಆಫ್ರಿಕದ ಯೊರುಬಾ ನಾಡಿನಲ್ಲಿ ಸುಮಾರು 1807ರಲ್ಲಿ ಜನಿಸಿ, ಗುಲಾಮನಾಗಿ ವಿಕ್ರಯಗೊಂಡು, ಕೊನೆಗೆ ಕ್ರೈಸ್ತ ಪಾದ್ರಿಯಾಗಿ ತನ್ನವರ ನಡುವೆ ಮರಳಿ ಬಂದ ಸಾಮ್ಯುಯೆಲ್ ಅಜಾಯಿ ಕ್ರೌಥರನ ಜೀವಿತವು ಈ ಎರಡು ಮಾತುಗಳಿಗೂ ಸಾಕ್ಷಿಯಾಗಿದೆ. ಅವನ ವೃತ್ತಾಂತವನ್ನು ಮತಪ್ರಚಾರದ ಚರಿತ್ರೆಯಲ್ಲಿ ಒಂದು ಅಧ್ಯಾಯವೆಂದು ಎಣಿಸುವುದು ವಾಡಿಕೆ. ಆದರೆ ಒಡೆದುಹೋದ ನಾಡೊಂದನ್ನು ಭಾಷೆಯು ಹೇಗೆ ಒಂದುಗೂಡಿಸಿತೆಂಬುದಕ್ಕೂ ಅದರಲ್ಲಿ ಸಾಕಷ್ಟು ಆಧಾರವುಂಟು.

ಯೊರುಬಾ ನಾಡಿನ ಬಹುಭಾಗವನ್ನು ಆಳುತ್ತಿದ್ದ ಓಯೋ ಸಾಮ್ರಾಜ್ಯವು ಹದಿನೆಂಟನೆಯ ಶತಮಾನದ ಕೊನೆಯಿಂದ ಒಳಜಗಳಗಳಿಗೆ ಸಿಕ್ಕಿ ಕ್ಷೀಣಿಸತೊಡಗಿತ್ತು. ಇಲೋರಿನ್ ನಗರದ ದಂಡನಾಯಕ ಅಫೊಂಜನು ಅರಸನ ಮೇಲೆ ದಂಗೆಯೆದ್ದು ಮುಸಲ್ಮಾನ ಪಡೆಗಳ ನೆರವನ್ನು ಪಡೆದ ಮೇಲೆ ಊರಿಗೆ ಊರೇ ರಣರಂಗವಾಯಿತು. ಸೆರೆಯಾಳುಗಳಿಗೆ ಕರಾವಳಿಯಲ್ಲಿ ಬೆಲೆಯಿದ್ದುದು ಈ ಯುದ್ಧಗಳು ಬಹುಕಾಲ ನಿಲ್ಲದಿರುವುದಕ್ಕೆ ಒಂದು ಮುಖ್ಯ ಕಾರಣ. ಬ್ರಿಟಿಷ್ ಪಾರ್ಲಿಮೆಂಟು 1807ರಲ್ಲಿಯೇ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದಿತಾದರೂ ಪೋರ್ಚುಗೀಸ್ ಹಡಗುಗಳು ಲಾಗೋಸಿನಿಂದ ಮನುಷ್ಯರನ್ನು ತುಂಬಿಕೊಂಡು ಹೋಗುವುದು ನಿಂತಿರಲಿಲ್ಲ.

1821ರಲ್ಲಿ ಒಂದು ಬೆಳಗ್ಗೆ ಅಜಾಯಿಯ ಹುಟ್ಟೂರಾದ ಒಶೋಗುನ್ ಮುತ್ತಲ್ಪಟ್ಟಿತು. ಓಡಿಹೋಗಿರೆಂದು ಮನೆಯವರಿಗೆ ಸೂಚಿಸಿ ತಂದೆಯು ಕಾಳಗಕ್ಕೆ ಹಿಂದಿರುಗಿದನು. ಮಗನು ಅವನನ್ನು ಕಂಡುದು ಅದೇ ಕಡೆ. ತಾಯಿ ಮತ್ತು ತಂಗಿಯರೊಡನೆ ಹುಡುಗನು ಸೆರೆಯಾದನು. ಅವನನ್ನು ಒಮ್ಮೆ ಕುದುರೆಗೆ ಬದಲಾಗಿ ಕೊಟ್ಟರು. ಮತ್ತೊಮ್ಮೆ ಹೊಗೆಸೊಪ್ಪು ಮದ್ಯಗಳಿಗಾಗಿ ಮಾರಿದರು. ಹತಾಶನಾಗಿ ತನ್ನ ಉಡುದಾರದಿಂದಲೇ ಕೊರಳನ್ನು ಬಿಗಿದುಕೊಳ್ಳಲು ಯತ್ನಿಸಿದೆನೆಂದು ಅವನೇ 1837ರಲ್ಲಿ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಅವನನ್ನು ಹೇರಿಕೊಂಡು ಲಾಗೋಸಿನಿಂದ ಹೊರಟ ಪೋರ್ಚುಗೀಸ್ ಹಡಗನ್ನು 1822ರ ಏಪ್ರಿಲ್ ತಿಂಗಳಿನಲ್ಲಿ ಬ್ರಿಟಿಷ್ ಯುದ್ಧನೌಕೆಗಳು ಹಿಡಿದುವು. ಬಿಡುಗಡೆಯಾದವರನ್ನು ಸಿಯೆರಾ ಲಿಯೋನಿನಲ್ಲಿ ಇಳಿಸಲಾಯಿತು.

ಅಲ್ಲಿ ಚರ್ಚ್ ಮಿಷನರಿ ಸಂಘದ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗನು 1825ರಲ್ಲಿ ದೀಕ್ಷಾಸ್ನಾನವನ್ನು ಹೊಂದಿ, ಲಂಡನ್ನಿನ ಒಬ್ಬ ಪಾದ್ರಿಯ ಹೆಸರಾದ ಸಾಮ್ಯುಯೆಲ್ ಕ್ರೌಥರ್ ಎಂಬುದನ್ನು ಧರಿಸಿದನು. 1827ರಲ್ಲಿ ಫೌರಾ ಬೇ ವಿದ್ಯಾಲಯವು ಆರಂಭವಾದಾಗ ಅದರ ಮೊದಲ ವಿದ್ಯಾರ್ಥಿಗಳಲ್ಲಿ ಅವನೂ ಒಬ್ಬನು. 1841ರಲ್ಲಿ ನೈಜರ್ ನದಿಯ ಮೇಲೆ ಹೊರಟ ಬ್ರಿಟಿಷ್ ಯಾತ್ರೆಯಲ್ಲಿ ಅವನೂ ಹೋದನು. ಜ್ವರದಿಂದ ಯೂರೋಪಿಯನರು ಬಹುಸಂಖ್ಯೆಯಲ್ಲಿ ಸತ್ತುದರಿಂದ, ಆ ನಾಡಿನಲ್ಲಿ ಮತಬೋಧೆಯು ನಡೆಯಬೇಕಾದರೆ ಅಲ್ಲಿಯವರಿಂದಲೇ ನಡೆಯಬೇಕೆಂಬ ಅಭಿಪ್ರಾಯವು ಬಲಗೊಂಡಿತು. 1843ರಲ್ಲಿ ಲಂಡನ್ನಿನಲ್ಲಿ ಕ್ರೌಥರನು ಪಾದ್ರಿಯಾದನು. ಅವನ ಯೊರುಬಾ ಶಬ್ದಕೋಶವು ಅದೇ ವರ್ಷ ಪ್ರಕಟವಾಯಿತು.

1845ರ ಜನವರಿಯಲ್ಲಿ ಹೆನ್ರಿ ಟೌನ್ಸೆಂಡ್ ಮತ್ತು ಗಾಲ್ಮರ್ ಎಂಬ ಸಹೋದ್ಯೋಗಿಗಳೊಡನೆ ಅವನು ಬಡಾಗ್ರಿ ರೇವಿನಲ್ಲಿ ಇಳಿದನು. ಒಳನಾಡಿನ ದಾರಿಗಳು ಯುದ್ಧದಿಂದ ಮುಚ್ಚಿದ್ದುವು. ಅವರನ್ನು ಬರಮಾಡಿಕೊಳ್ಳಬೇಕಾಗಿದ್ದ ಮುಖಂಡ ಶೊಡೆಕೆಯೂ ತೀರಿಕೊಂಡಿದ್ದನು. ಒಂದೂವರೆ ವರ್ಷ ಕಾದ ಮೇಲೆ, 1846ರ ಆಗಸ್ಟಿನಲ್ಲಿ ಅವರು ಅಬೆಯೊಕುಟ ನಗರವನ್ನು ಸೇರಿದರು. ಇದು ಕ್ರೌಥರನ ಹುಟ್ಟೂರಲ್ಲವೆಂಬುದನ್ನು ಗಮನಿಸಬೇಕು. ಒಶೋಗುನ್ ಹಾಳಾಗಿದ್ದಿತು. ಸುಮಾರು 1830ರಲ್ಲಿ, ಊರು ಕಳೆದುಕೊಂಡ ಎಗ್ಬಾ ಜನರು ಓಲುಮೊ ಎಂಬ ಹೆಬ್ಬಂಡೆಯ ಆಶ್ರಯದಲ್ಲಿ ಕಟ್ಟಿಕೊಂಡ ನೆಲೆಯೇ ಅಬೆಯೊಕುಟ. ಆ ಹೆಸರಿಗೆ ಬಂಡೆಯ ಅಡಿ ಎಂದೇ ಅರ್ಥ. ನಿರಾಶ್ರಿತನು ನಿರಾಶ್ರಿತರ ಊರಿಗೆ ಬಂದನು.

ಅದೇ ತಿಂಗಳಿನಲ್ಲಿ ತಾಯಿ ಅಫಾಲಳು ಮಗನನ್ನು ಹುಡುಕಿಕೊಂಡು ಬಂದಳು. ಅಗಲಿ ಇಪ್ಪತ್ತೈದು ವರ್ಷಗಳಾಗಿದ್ದುವು. ಆ ನಡುವೆ ಆಕೆಯೂ ಸೆರೆ ಬಿಡುಗಡೆಗಳನ್ನು ಕಂಡಿದ್ದಳು. ಇಬ್ಬರೂ ಮಾತಿಲ್ಲದೆ ಒಬ್ಬರನ್ನೊಬ್ಬರು ನೋಡುತ್ತ ಕಣ್ಣೀರಿಟ್ಟುದನ್ನು ಕ್ರೌಥರನ ದಿನಚರಿಯು ಹೇಳುತ್ತದೆ. 1848ರಲ್ಲಿ ಆಕೆಯು ದೀಕ್ಷಾಸ್ನಾನವನ್ನು ಹೊಂದಿದಾಗ, ಬೈಬಲಿನಲ್ಲಿ ಪ್ರವಾದಿ ಸಮುವೇಲನ ತಾಯಿಯಾದ ಹನ್ನಳ ಹೆಸರನ್ನೇ ಆಕೆಗೆ ಇಡಲಾಯಿತು.

ಕ್ರೌಥರನ ಕಾರ್ಯಗಳಲ್ಲಿ ಸ್ಥಿರವಾಗಿ ನಿಂತುದು ಭಾಷಾಕಾರ್ಯ. ಯೊರುಬಾ ಎಂಬ ಹೆಸರು ಮೊದಲು ಓಯೋ ಜನರಿಗೆ ಮಾತ್ರ ಸಲ್ಲುತ್ತಿತ್ತು. ಎಗ್ಬಾ, ಇಜೆಬು ಮೊದಲಾದವರು ತಮ್ಮನ್ನು ಆ ಹೆಸರಿನಿಂದ ಕರೆದುಕೊಳ್ಳುತ್ತಿರಲಿಲ್ಲ. ಸಿಯೆರಾ ಲಿಯೋನಿನಲ್ಲಿ ಬೆರೆತು ಬಾಳಿದ ಬಿಡುಗಡೆಯಾದವರು ಮತ್ತು ಮಿಷನರಿಗಳು ಅದನ್ನು ಎಲ್ಲರಿಗೂ ಅನ್ವಯಿಸಿದರು. ಓಯೋ ನುಡಿಯನ್ನು ಮುಖ್ಯ ಆಧಾರವಾಗಿಟ್ಟುಕೊಂಡು ಬೆಳೆದ ಗ್ರಂಥಭಾಷೆಯಲ್ಲಿ 1850ರಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ ಭಾಷಾಂತರವೂ, 1884ರಲ್ಲಿ ಸಂಪೂರ್ಣ ಬೈಬಲೂ ಸಿದ್ಧವಾದುವು. ಈ ಭಾಷೆಯಲ್ಲಿ ಸ್ವರದ ಏರಿಳಿತವೇ ಅರ್ಥವನ್ನು ಬದಲಿಸುತ್ತದೆ: ‘ಒಕೊ’ ಎಂಬ ಶಬ್ದವು ಉಚ್ಚಾರಣೆಯ ಸ್ಥಾಯಿಗನುಸಾರವಾಗಿ ಗಂಡನೆಂದೂ ಗುದ್ದಲಿಯೆಂದೂ ಈಟಿಯೆಂದೂ ಅರ್ಥಕೊಡುವುದು. ಇಂತಹ ಸೂಕ್ಷ್ಮಗಳು ಮಾತೃಭಾಷೆಯಾಗಿ ಆಡಿದವನ ಕಿವಿಗೆ ಸಹಜ.

ಪಾರಿಭಾಷಿಕ ಪದಗಳ ಆಯ್ಕೆಯೂ ವಿಚಾರಾರ್ಹವಾಗಿದೆ. ದೇವರಿಗೆ ಆಕಾಶದ ಒಡೆಯನೆಂಬ ಅರ್ಥದ ‘ಓಲೊರುನ್’ ಎಂಬ ದೇಶ್ಯ ನಾಮವನ್ನೇ ಇಟ್ಟುಕೊಂಡುದರಿಂದ ಹೊಸ ಮತವು ಪರಕೀಯವಾಗಿ ಕೇಳಿಸಲಿಲ್ಲ. ಪುರೋಹಿತನಿಗೆ ಮುಸಲ್ಮಾನ ವಿದ್ವಾಂಸರಿಗೆ ಸಲ್ಲುತ್ತಿದ್ದ ‘ಅಲುಫಾ’ ಎಂಬ ಪದವನ್ನು ಬಳಸಲಾಯಿತು. ಆದರೆ ದಾರಿಗಳಿಗೂ ಕವಲುಗಳಿಗೂ ಅಧಿದೇವತೆಯಾದ ‘ಎಶು’ವನ್ನು ಸೈತಾನನೆಂದು ಮಾಡಿದುದು ಆ ದೇವತೆಗೆ ಅನ್ಯಾಯವೆಂದು ಯೊರುಬಾ ವಿದ್ವಾಂಸರು ಆಕ್ಷೇಪಿಸಿದ್ದಾರೆ. ಭಾಷಾಂತರವು ಒಂದು ಪರಂಪರೆಯನ್ನು ಉಳಿಸುತ್ತಲೇ ಕೆಡಿಸಲೂಬಲ್ಲುದೆಂಬುದಕ್ಕೆ ಇದು ನಿದರ್ಶನ.

ಕನ್ನಡ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಹೋಲಿಕೆಯು ತೋರದಿರದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನು ಅದಕ್ಕೆ ಮೊದಲೇ, 1828ರಲ್ಲಿ, ಪಶ್ಚಿಮ ಆಫ್ರಿಕದ ಚಿನ್ನದ ಕರಾವಳಿಯನ್ನು ಸೇರಿದ್ದಿತು. ಆ ಸಂಸ್ಥೆಯ ಕ್ರಿಸ್ಟಾಲರನು ಅಲ್ಲಿಯ ಟ್ವಿ ಭಾಷೆಗೆ 1881ರಲ್ಲಿ ನಿಘಂಟನ್ನು ಕೊಟ್ಟನು. ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದಿತು. ಇವರಿಬ್ಬರೂ ಪರನುಡಿಯನ್ನು ಶ್ರಮಪಟ್ಟು ಕಲಿತವರು. ಕ್ರೌಥರನಾದರೋ ಹದಿನಾಲ್ಕರ ಸುಮಾರಿನಲ್ಲಿ ತನ್ನಿಂದ ಕಿತ್ತುಕೊಂಡ ನುಡಿಯನ್ನು ಮತ್ತೆ ಕೈಗೆ ತೆಗೆದುಕೊಂಡವನು.

ನಾಡಿನ ಯುದ್ಧಗಳು ಅವನ ಬೋಧನೆಯಿಂದ ನಿಲ್ಲಲಿಲ್ಲ. 1851ರ ಮಾರ್ಚಿನಲ್ಲಿ ಡಹೋಮಿಯ ಸೈನ್ಯವು ಅಬೆಯೊಕುಟದ ಮೇಲೆ ಬಿದ್ದು ಸೋತು ಹಿಂದಿರುಗಿತು. ಅದೇ ವರ್ಷ ಕ್ರೌಥರನು ಇಂಗ್ಲೆಂಡಿಗೆ ಹೋಗಿ ಮಂತ್ರಿ ಪಾಮರ್ಸ್ಟನ್ನನನ್ನೂ ವಿಕ್ಟೋರಿಯಾ ರಾಣಿಯನ್ನೂ ಕಂಡು ಗುಲಾಮವ್ಯಾಪಾರದ ನಿರ್ಮೂಲನಕ್ಕಾಗಿ ವಾದಿಸಿದನು. ಡಿಸೆಂಬರಿನಲ್ಲಿ ಬ್ರಿಟಿಷ್ ನೌಕಾಬಲವು ಲಾಗೋಸಿನ ಮೇಲೆ ಗುಂಡು ಹಾರಿಸಿತು. 1861ರಲ್ಲಿ ಆ ನಗರವು ಬ್ರಿಟಿಷ್ ವಸಾಹತಾಯಿತು. ಗುಲಾಮರ ಬಿಡುಗಡೆಯನ್ನು ಕೋರಿದ ಮಾತು ಪರರಾಜ್ಯಕ್ಕೆ ಬಾಗಿಲಾಗಿಯೂ ಪರಿಣಮಿಸಿತು.

1864ರ ಜೂನ್ 29ರಂದು ಕ್ಯಾಂಟರ್ಬರಿಯಲ್ಲಿ ಅವನಿಗೆ ಬಿಷಪ್ ಪದವಿಯು ದೊರೆಯಿತು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಯನ್ನೇರಿದ ಮೊದಲ ಆಫ್ರಿಕನನು ಅವನೇ. ಆದರೆ ಟೌನ್ಸೆಂಡನು ಅವನ ಅಧೀನದಲ್ಲಿರಲು ಒಪ್ಪಲಿಲ್ಲ. ಅಬೆಯೊಕುಟ, ಲಾಗೋಸ್, ಇಬಾದಾನ್‌ಗಳು ಅವನ ಅಧಿಕಾರದಿಂದ ಹೊರಗುಳಿದುವು. ಹೀಗೆ, ಸ್ವದೇಶಕ್ಕೆ ಮರಳಿದವನು ತನ್ನ ಭಾಷೆಯವರಿಗೆ ಬಿಷಪನಾಗದೆ, ತಾನು ಕಲಿಯಬೇಕಾದ ಭಾಷೆಗಳ ನೈಜರ್ ತೀರದ ಜನರಿಗೆ ಬಿಷಪನಾದನು. 1890ರಲ್ಲಿ ತರುಣ ಆಂಗ್ಲ ಮಿಷನರಿಗಳು ಅವನ ಕೈಕೆಳಗಿನ ಆಫ್ರಿಕನ್ ಪಾದ್ರಿಗಳನ್ನು ಅನರ್ಹರೆಂದು ದೂರಿ ಪದಚ್ಯುತಗೊಳಿಸಿದಾಗ, ಮುದುಕನಾದ ಬಿಷಪನು ಆ ಸಮಿತಿಗೆ ರಾಜೀನಾಮೆಯನ್ನಿತ್ತನು. 1891ರ ಡಿಸೆಂಬರ್ 31ರಂದು ಲಾಗೋಸಿನಲ್ಲಿ ಅವನು ಮೃತನಾದನು. ಅವನ ಸ್ಥಾನಕ್ಕೆ ಯೂರೋಪಿಯನನೊಬ್ಬನು ಬಂದನು. ಆ ಅನ್ಯಾಯಕ್ಕಾಗಿ ಕ್ಯಾಂಟರ್ಬರಿಯ ಆರ್ಚ್‌ಬಿಷಪರು ಬಹಿರಂಗವಾಗಿ ಕ್ಷಮೆ ಕೇಳಿದುದು 2014ರಲ್ಲಿ.

ಮಗಳ ಮಗನಾದ ಹರ್ಬರ್ಟ್ ಮೆಕಾಲೆಯು ಮುಂದೆ ನೈಜೀರಿಯದ ರಾಷ್ಟ್ರೀಯ ಚಳವಳಿಗೆ ಮೊದಲಿಗನಾದನು. ಕ್ರೌಥರನು ಬಿಟ್ಟುಹೋದ ಊರು ಅವನಿಗೆ ಮರಳಿ ದೊರೆಯಲಿಲ್ಲ; ಅವನು ಕೈಕೊಂಡ ಸಭೆಯೂ ಅವನನ್ನು ಕೊನೆಯವರೆಗೆ ನಂಬಲಿಲ್ಲ. ಪರಸ್ಪರ ಕಾದಾಡುತ್ತಿದ್ದ ಓಯೋ, ಎಗ್ಬಾ, ಇಜೆಬು ಜನರು ಒಂದೇ ಬರಹವನ್ನು ಓದಿ ಒಂದೇ ಹೆಸರಿನಿಂದ ತಮ್ಮನ್ನು ಕರೆದುಕೊಳ್ಳುವಂತಾದುದು ಮಾತ್ರ ಉಳಿಯಿತು. ಅವನ ಪುನರಾಗಮನದ ಫಲವನ್ನು ಅಲ್ಲಿಯೇ ಕಾಣಬೇಕು.