ಏಳಿಸುವುದು ಸುಲಭ, ಮಲಗಿಸುವುದು ಕಷ್ಟ

ಅಮೆರಿಕದ ಎಂಐಟಿಯಲ್ಲಿ ಅರ್ಬನ್ ಸಿಸ್ಟಮ್ಸ್ ಲ್ಯಾಬೊರೇಟರಿಗೆ ಸೇರಿದ್ದ ಐಬಿಎಂ 360/67 ಕಂಪ್ಯೂಟರು ಒಮ್ಮೆ ಒಂದೇ ದಿನದಲ್ಲಿ 27 ಸಲ ಕುಸಿದು ಬಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಟಾಮ್ ವ್ಯಾನ್ ವ್ಲೆಕ್ ಆಮೇಲೆ ಬರೆದಿಟ್ಟಂತೆ ಕಾರಣ ತೀರ ಸಣ್ಣದು. ಹಾರ್ವರ್ಡ್ ಕಡೆಯ ಯಾರೋ ಉದ್ದುದ್ದ ಸಾಲುಗಳನ್ನು ಬರೆಯುವ ಹೊಸ ಉಪಕರಣ ತಂದಿದ್ದರು. ಅದಕ್ಕೆಂದು ಸಾಲಿನ ಗರಿಷ್ಠ ಉದ್ದವನ್ನು ಏರಿಸಲಾಯಿತು. ಆ ಉದ್ದದ ಲೆಕ್ಕ ಹಾಕುತ್ತಿದ್ದ ಕೋಡು ಒಂದೇ ಬೈಟಿನಲ್ಲಿ ಕೂಡಿ ಕಳೆಯುತ್ತಿತ್ತು. ಒಂದು ಬೈಟಿಗೆ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ.

ವ್ಯಾನ್ ವ್ಲೆಕ್ ಇದನ್ನು ಹೇಳಿದ್ದು ಹೆಚ್ಚುಕಡಿಮೆ ಹೊಗಳಿಕೆಯ ಧಾಟಿಯಲ್ಲಿ. ದಿನಕ್ಕೆ 27 ಸಲ ಬೀಳಬೇಕಾದರೆ 26 ಸಲವಾದರೂ ಬೇಗ ಎದ್ದಿರಬೇಕಲ್ಲ! ಅದೇ ಎಂಐಟಿಯ ಮಲ್ಟಿಕ್ಸ್ ವ್ಯವಸ್ಥೆ ಆಗ ಒಮ್ಮೆ ಬಿದ್ದರೆ ಕಡತಗಳನ್ನೆಲ್ಲ ತಡಕಿ ಸರಿಮಾಡಿಕೊಂಡು ಏಳುವಷ್ಟರಲ್ಲಿ ಒಂದು ಗಂಟೆ ಕಳೆಯುತ್ತಿತ್ತು. 360/67ರ ಮೇಲೆ ಓಡುತ್ತಿದ್ದ ಸಿಪಿ-67 ಅಷ್ಟು ಕಾಯಿಸುತ್ತಿರಲಿಲ್ಲ, ತಾನೇ ಎದ್ದು ಕೂರುತ್ತಿತ್ತು.

ಸಿಪಿ-67 ಎಂದರೆ ಒಂದು ಕಂಪ್ಯೂಟರನ್ನು ಹಲವು ಕಂಪ್ಯೂಟರುಗಳಂತೆ ತೋರಿಸುವ ತಂತ್ರಾಂಶ. ಅದರ ಹಿರಿಯಣ್ಣ ಸಿಪಿ-40. ರಾಬರ್ಟ್ ಕ್ರೀಸಿ, ಲೆಸ್ ಕೊಮೊ ಮೊದಲಾದವರು ಐಬಿಎಂನ ಕೇಂಬ್ರಿಜ್ ಸೈಂಟಿಫಿಕ್ ಸೆಂಟರಿನಲ್ಲಿ 1964ರ ಕೊನೆಯಲ್ಲಿ ಅದರ ಕೆಲಸಕ್ಕೆ ಕೈಹಾಕಿದರು. 1967ರ ಜನವರಿಯ ಹೊತ್ತಿಗೆ ಅದು ದಿನಬಳಕೆಗೆ ಬಂತು. ಮಾರ್ಪಡಿಸಿದ ಒಂದು 360/40 ಯಂತ್ರದೊಳಗೆ ತಲಾ 256 ಕಿಲೋಬೈಟಿನ 14 ವರ್ಚುವಲ್ ಮಷೀನುಗಳು, ಅಂದರೆ ವಿಎಂಗಳು. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೊ ಕೂಡ ಅಷ್ಟರಲ್ಲಿ ಹಿಡಿಸುವುದು ಅನುಮಾನ. 1972ರ ಆಗಸ್ಟಿನಲ್ಲಿ ಐಬಿಎಂ ಇದೇ ವಂಶದ ವಿಎಂ/370 ಅನ್ನು ಅಧಿಕೃತವಾಗಿ ಪ್ರಕಟಿಸಿತು.

ಮೊದಮೊದಲು ವಿಎಂ ಶುರುಮಾಡುವುದೆಂದರೆ ಟರ್ಮಿನಲ್ ಮುಂದೆ ಕೂತ ಮನುಷ್ಯ ಲಾಗಿನ್ ಆಗುವುದು, ಅಷ್ಟೆ. ಮನುಷ್ಯ ಬಂದ, ಯಂತ್ರ ಹುಟ್ಟಿತು. ಅವನು ಎದ್ದು ಹೋದ, ಯಂತ್ರವೂ ಹೋಯಿತು. ಆದರೆ ಮುದ್ರಣ, ಸಂಪರ್ಕ ಜಾಲದಂಥ ಕೆಲಸಗಳಿಗೆ ಮನುಷ್ಯನಿಲ್ಲದ ಯಂತ್ರಗಳು ಬೇಕಾದಾಗ ಅವನ್ನು ಎಬ್ಬಿಸುವವರು ಯಾರು? ಇದಕ್ಕೆ ಬಂದ ಉತ್ತರ ಆಟೋಲಾಗ್ ಆದೇಶ. ಅದನ್ನು ಬರೆದ ಐಬಿಎಂನ ಲಿನ್ ವೀಲರ್ ನೆನಪಿಸಿಕೊಳ್ಳುವಂತೆ, ಅದರ ಮೂಲ ಉದ್ದೇಶವೇ ಬೇರೆ. ಯಂತ್ರದ ವೇಗ ಅಳೆಯುವ ಪರೀಕ್ಷೆಗಳನ್ನು ಸಾಲಾಗಿ, ಯಾರೂ ಕಾವಲು ಕೂರದೆ ನಡೆಸಲು ಅದು ಬೇಕಿತ್ತು. ಮುಂದೆ ಅದೇ ರೂಢಿಯಾಯಿತು. ವ್ಯವಸ್ಥೆ ಎದ್ದ ಕೂಡಲೇ ಆಟೋಲಾಗ್1 ಎಂಬ ಒಂದು ವಿಎಂ ತಾನಾಗಿ ಏಳುತ್ತದೆ. ಅದು ಉಳಿದವನ್ನು ಒಂದೊಂದಾಗಿ ಎಬ್ಬಿಸುತ್ತದೆ. ಮೇನ್‌ಫ್ರೇಮ್ ಜಗತ್ತಿನಲ್ಲಿ ಈ ಹೆಸರು ಇಂದಿಗೂ ಬಳಕೆಯಲ್ಲಿದೆ.

ಏಳಿಸುವ ಕಥೆ ಅಲ್ಲಿಗೆ ಬಹುಪಾಲು ಮುಗಿಯಿತು. ಮಲಗಿಸುವ ಕಥೆ ಇನ್ನೂ ಎಳೆಯುತ್ತಲೇ ಇದೆ.

ಏಳಲು ಒಂದು ಆಜ್ಞೆ ಸಾಕು. ನಿಲ್ಲಲು ಒಳಗಿರುವ ವ್ಯವಸ್ಥೆಯ ಒಪ್ಪಿಗೆ ಬೇಕು. ಅದರ ಡೇಟಾಬೇಸ್ ಅರ್ಧ ಬರೆದ ಸಾಲನ್ನು ಮುಗಿಸಬೇಕು, ಮೆಮೊರಿಯಲ್ಲಿದ್ದದ್ದು ಡಿಸ್ಕಿಗೆ ಇಳಿಯಬೇಕು. ವಿಎಂಗಳನ್ನು ಹೊತ್ತ ಹೊರಗಿನ ಯಂತ್ರಕ್ಕೆ, ಅಂದರೆ ಹೋಸ್ಟಿಗೆ, ಒಳಗಿನದು ಬರೀ ಒಂದು ಪ್ರೋಗ್ರಾಂ. ಅದು ಬರವಣಿಗೆಯ ನಡುವೆ ಇದೆಯೋ ಸುಮ್ಮನೆ ಕೂತಿದೆಯೋ ಹೊರಗಿನಿಂದ ತಿಳಿಯದು. ಹಳೆಯ ದಿನಗಳಲ್ಲಿ ಆಪರೇಟರು ಎಲ್ಲ ಟರ್ಮಿನಲ್‌ಗಳಿಗೂ ಎಚ್ಚರಿಕೆಯ ಸಂದೇಶ ಕಳಿಸಿ ಮುಚ್ಚುತ್ತಿದ್ದ. ಓದುವ ಮನುಷ್ಯ ಎದುರಿಗೆ ಇದ್ದಷ್ಟು ದಿನ ಅದು ನಡೆಯಿತು.

2000ರಲ್ಲಿ ಲಿನಕ್ಸ್ ಮೇನ್‌ಫ್ರೇಮ್ ಹತ್ತಿದಾಗ ಈ ತೊಡಕು ಎದ್ದು ಕಂಡಿತು. ಡೇವಿಡ್ ಬಾಯ್ಸ್ ಎಂಬ ತಜ್ಞ ಒಂದೇ ಮೇನ್‌ಫ್ರೇಮಿನಲ್ಲಿ 41,400 ಲಿನಕ್ಸ್ ವಿಎಂಗಳನ್ನು ಓಡಿಸಿ ತೋರಿಸಿದರು. ಅಷ್ಟಕ್ಕೂ ಎಚ್ಚರಿಕೆಯ ಸಂದೇಶ ಕಳಿಸಿದರೆ ಓದುವವರು ಯಾರು? ಜೆಡ್/ವಿಎಂ ಎಂದು ಹೆಸರು ಬದಲಿಸಿಕೊಂಡ ಐಬಿಎಂನ ವಿಎಂ ವ್ಯವಸ್ಥೆ ಕೊನೆಗೆ ‘ಮುಚ್ಚುವ ಹೊತ್ತಾಯಿತು’ ಎಂಬ ಸಂಕೇತವನ್ನು ಯಂತ್ರಕ್ಕೇ ಕಳಿಸಲು ಕಲಿಯಿತು. ತಮಾಷೆಯೆಂದರೆ, ಲಿನಕ್ಸ್ ಅದನ್ನು ಯಾರೋ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿದರೆಂದೇ ಲೆಕ್ಕ ಹಿಡಿಯುತ್ತಿತ್ತು. ಕೀಬೋರ್ಡೇ ಇಲ್ಲದ ಯಂತ್ರದಲ್ಲಿ ಮೂರು ಕೀಲಿಗಳ ಒತ್ತು!

ಲಿನಕ್ಸ್ ತಾನೇ ಹೋಸ್ಟ್ ಆದ ಕಥೆ ಪಿಸಿ ಲೋಕದ್ದು. 1999ರಲ್ಲಿ ವಿಎಂವೇರ್‌ನ ವರ್ಕ್‌ಸ್ಟೇಷನ್ ಬಂತು. 2003ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದವರು ವಿಎಂಗಳನ್ನು ಓಡಿಸುವ ಕ್ಸೆನ್ ಹೊರತಂದರು. ಸಿಪಿ-40 ಹುಟ್ಟಿದ್ದು ಅಮೆರಿಕದ ಕೇಂಬ್ರಿಜಿನಲ್ಲಿ, ಇದು ಸಾಗರದಾಚೆಯ ಕೇಂಬ್ರಿಜಿನಲ್ಲಿ. ಕ್ಸೆನ್ ಜೊತೆಗೆ ‘ಕ್ಸೆನ್‌ಡೊಮೇನ್ಸ್’ ಎಂಬ ಶೆಲ್ ಸ್ಕ್ರಿಪ್ಟು ಬರುತ್ತಿತ್ತು. ನಿಗದಿಯಾದ ಒಂದು ಡೈರೆಕ್ಟರಿಯಲ್ಲಿ ವಿಎಂನ ಕಡತಕ್ಕೆ ಕೊಂಡಿ ಹಾಕಿದರೆ ಬೂಟ್ ಆದಾಗ ಆ ವಿಎಂ ಏಳುತ್ತಿತ್ತು. ಏಳಿಸುವ ಭಾಗ ಇಷ್ಟೇ. ನಿಲ್ಲಿಸುವ ಭಾಗ ಮಾತ್ರ ಪುಟಗಟ್ಟಲೆ: ವಿಎಂ ಅನ್ನು ಬೇರೆ ಹೋಸ್ಟಿಗೆ ಸಾಗಿಸಬಹುದೇ, ಆಗದಿದ್ದರೆ ಮೆಮೊರಿಯನ್ನು ಡಿಸ್ಕಿಗೆ ಬರೆದಿಡಬಹುದೇ, ಅದೂ ಆಗದಿದ್ದರೆ ಮುಚ್ಚೆಂದು ಕೇಳಿಕೊಳ್ಳಬಹುದೇ, ಎಷ್ಟು ಹೊತ್ತು ಕಾಯಬೇಕು? ಬರೆದವರ ಆತಂಕ ಆ ಸ್ಕ್ರಿಪ್ಟಿನ ಸಾಲುಸಾಲಿನಲ್ಲಿ ಕಾಣುತ್ತದೆ.

2006ರಲ್ಲಿ ಇಸ್ರೇಲಿನ ಕುಮ್ರಾನೆಟ್ ಕಂಪನಿಯ ಆವಿ ಕಿವಿಟಿ, ಲಿನಕ್ಸನ್ನೇ ವಿಎಂಗಳ ಹೋಸ್ಟ್ ಮಾಡುವ ಕೆವಿಎಂ ಬರೆದರು. 2007ರ ಫೆಬ್ರವರಿಯಲ್ಲಿ ಬಂದ ಲಿನಕ್ಸ್ 2.6.20ರಲ್ಲಿ ಅದು ಕರ್ನೆಲ್‌ನ ಭಾಗವಾಯಿತು. ಮರುವರ್ಷ ರೆಡ್ ಹ್ಯಾಟ್ ಆ ಕಂಪನಿಯನ್ನೇ ಕೊಂಡುಕೊಂಡಿತು. ರೆಡ್ ಹ್ಯಾಟ್‌ನ ಡೇನಿಯಲ್ ವೆಯಾರ್ ಶುರುಮಾಡಿದ್ದ ಲಿಬ್‌ವರ್ಟ್ ಈ ವಿಎಂಗಳ ಮೇಸ್ತ್ರಿಯಾಯಿತು. ‘ವರ್ಶ್ ಆಟೋಸ್ಟಾರ್ಟ್’ ಎಂದು ವಿಎಂನ ಹೆಸರು ಬರೆದರೆ ಅದು ಮಾಡುವುದೂ ಆಟೋಸ್ಟಾರ್ಟ್ ಡೈರೆಕ್ಟರಿಯಲ್ಲಿ ಒಂದು ಕೊಂಡಿ ಹಾಕುವುದನ್ನೇ. ನಿಲ್ಲಿಸುವುದಕ್ಕೆ ಮಾತ್ರ ‘ಲಿಬ್‌ವರ್ಟ್-ಗೆಸ್ಟ್ಸ್’ ಎಂಬ ಬೇರೆಯದೇ ಸ್ಕ್ರಿಪ್ಟು ಬರೆಯಬೇಕಾಯಿತು. ಅದರ ಮೂಲ ಆಯ್ಕೆ ಮುಚ್ಚುವುದಲ್ಲ, ವಿಎಂನ ಮೆಮೊರಿಯನ್ನು ಡಿಸ್ಕಿಗೆ ಇಳಿಸಿ ತಡೆಹಿಡಿಯುವುದು. ಕೇಳಲು ಸೊಗಸು. ಆದರೆ ಹದಿನಾರು ಜಿಬಿ ಮೆಮೊರಿಯ ನಾಲ್ಕು ವಿಎಂಗಳಿದ್ದರೆ ಹೋಸ್ಟ್ ಮುಚ್ಚುವ ಮುನ್ನ ಹತ್ತಾರು ಜಿಬಿ ಬರೆಯಬೇಕಾದೀತು, ಮರಳಿ ಎದ್ದಾಗ ಗಡಿಯಾರ ಹಿಂದೆ ಬಿದ್ದಿರುತ್ತದೆ, ನೆಟ್‌ವರ್ಕಿನ ಆಚೆ ತುದಿಯವರು ಕಾದು ಕಾದು ಸಂಪರ್ಕ ಕಡಿದುಕೊಂಡಿರುತ್ತಾರೆ. ಹೀಗಾಗಿ ಅನೇಕ ಅಡ್ಮಿನ್‌ಗಳು ಮೊದಲ ದಿನವೇ ಆ ಸಾಲನ್ನು ‘ಶಟ್‌ಡೌನ್’ ಎಂದು ತಿದ್ದುತ್ತಾರೆ.

ತಿದ್ದಿದರೆ ಎದುರಾಗುವುದು ಪವರ್ ಬಟನ್ ಪ್ರಸಂಗ. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಎಂಬ ಮಾನದಂಡ ಪ್ರಕಟಿಸಿದ್ದವು. ಅದರ ಪ್ರಕಾರ ಪವರ್ ಬಟನ್ ಒತ್ತಿದರೆ ವಿದ್ಯುತ್ತು ತಟ್ಟನೆ ಹೋಗದೆ, ಆಪರೇಟಿಂಗ್ ಸಿಸ್ಟಮ್ಮಿಗೆ ಸುದ್ದಿ ಮುಟ್ಟುತ್ತದೆ. ಲಿಬ್‌ವರ್ಟ್ ಮಾಡುವುದೂ ಇಲ್ಲದ ಯಂತ್ರದ ಇಲ್ಲದ ಬಟನ್ ಒತ್ತುವುದನ್ನೇ. ಒಳಗೆ ಕೇಳಿಸಿಕೊಳ್ಳುವ ಸೇವೆ ಇರದ ಹಳೆಯ ಲಿನಕ್ಸ್‌ಗೆ ಅದು ಕೇಳುವುದೇ ಇಲ್ಲ. ಡೆಸ್ಕ್‌ಟಾಪ್ ವಿಂಡೋಸ್‌ನಲ್ಲಿ ಆ ಬಟನ್ನಿಗೆ ನಿದ್ರೆಯ ಕೆಲಸ ವಹಿಸಿದ್ದರೆ ಅದು ಮುಚ್ಚುವ ಬದಲು ನಿದ್ದೆಹೋಗುತ್ತದೆ. ಹೋಸ್ಟ್ 300 ಸೆಕೆಂಡು ಕಾಯುತ್ತದೆ, ಆಮೇಲೆ ಕೈಬಿಡುತ್ತದೆ. ಗೆಸ್ಟ್ ಏಜೆಂಟ್ ಎಂಬ ಪುಟ್ಟ ಪ್ರೋಗ್ರಾಂ ಅನ್ನು ವಿಎಂ ಒಳಗೇ ಕೂರಿಸುವ ಪದ್ಧತಿ ಬಲವಾಗಲು ಇದೂ ಒಂದು ಕಾರಣ.

ವರ್ಚುವಲ್‌ಬಾಕ್ಸ್ ಬಳಸುವವರು ಇನ್ನೂ ಹೆಚ್ಚು ಕಾಲ ಕಾಯಬೇಕಾಯಿತು. ಜರ್ಮನಿಯ ಇನ್ನೊಟೆಕ್ ಅದರ ಮುಕ್ತ ಆವೃತ್ತಿ ಹೊರತಂದದ್ದು 2007ರಲ್ಲಿ. ಬೂಟ್ ಆದಾಗ ವಿಎಂ ಏಳಿಸುವ ಸೌಲಭ್ಯ ಅದಕ್ಕೆ ಸೇರಿದ್ದು 2012ರ 4.2 ಆವೃತ್ತಿಯಲ್ಲಿ. ಅಷ್ಟರೊಳಗೆ ಅದು ಸನ್ ಕೈಗೆ, ಅಲ್ಲಿಂದ ಒರಾಕಲ್ ಕೈಗೆ ದಾಟಿತ್ತು. ನಡುವಿನ ವರ್ಷಗಳಲ್ಲಿ ಅಡ್ಮಿನ್‌ಗಳು ಬೂಟ್ ಹೊತ್ತಿಗೆ ಓಡುವ ತಮ್ಮ ತಮ್ಮ ಇನಿಟ್ ಸ್ಕ್ರಿಪ್ಟುಗಳನ್ನು ಬರೆದುಕೊಂಡರು, ಒಬ್ಬರದನ್ನೊಬ್ಬರು ನಕಲು ಮಾಡಿದರು. ಅವುಗಳಲ್ಲಿ ಏಳಿಸುವ ಸಾಲುಗಳು ಹೆಚ್ಚುಕಡಿಮೆ ಒಂದೇ. ನಿಲ್ಲಿಸುವ ಸಾಲುಗಳಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ.

2011ರ ಮೇ ತಿಂಗಳಲ್ಲಿ ಫೆಡೋರಾ 15 ಎಂಬ ಲಿನಕ್ಸ್ ಆವೃತ್ತಿಯ ಮೂಲಕ, ಸೇವೆಗಳನ್ನು ಏಳಿಸಿ ಮಲಗಿಸುವ ಸಿಸ್ಟಮ್‌ಡಿ ಬಂದಾಗ ಆ ಮನೆಬಳಕೆಯ ಸ್ಕ್ರಿಪ್ಟುಗಳ ನೆಲವೇ ಅದುರಿತು. ಅದರ ನಿಯಮವೊಂದು ಚೆನ್ನಾಗಿದೆ: ಏಳುವಾಗ ಯಾವುದು ಯಾವುದರ ನಂತರವೋ, ಮಲಗುವಾಗ ಅದರ ಹಿಮ್ಮುಖ ಕ್ರಮ. ನೆಟ್‌ವರ್ಕಿನ ನಂತರ ಎದ್ದ ವಿಎಂ ನೆಟ್‌ವರ್ಕಿಗಿಂತ ಮೊದಲೇ ಮಲಗುತ್ತದೆ. ಆದರೆ ಕ್ರಮವನ್ನು ಬರೆದು ತಿಳಿಸದಿದ್ದರೆ ಸಿಸ್ಟಮ್‌ಡಿ ಯಾರನ್ನೂ ಕಾಯುವುದಿಲ್ಲ. ತಿಳಿಸಿದ್ದರೂ ಒಂದು ಸೇವೆಗೆ ಅದು ಸಾಮಾನ್ಯವಾಗಿ ಕೊಡುವ ಗಡುವು 90 ಸೆಕೆಂಡು. ಅಪ್‌ಡೇಟ್ ಹಾಕಿಕೊಳ್ಳುತ್ತ ಕೂತ ವಿಂಡೋಸ್ ವಿಎಂಗೆ ಅದು ಏನೇನೂ ಸಾಲದು.

ಕರೆಂಟು ಹೋಗುವುದು ಸುದ್ದಿಯೇ ಅಲ್ಲದ ನಮ್ಮ ತಾಲ್ಲೂಕು ಪಟ್ಟಣಗಳಲ್ಲಿ ಈ ಲೆಕ್ಕಕ್ಕೆ ಯುಪಿಎಸ್ ಬ್ಯಾಟರಿಯೂ ಸೇರುತ್ತದೆ. ಬ್ಯಾಟರಿ ಇಳಿದಾಗ ‘ನೆಟ್‌ವರ್ಕ್ ಯುಪಿಎಸ್ ಟೂಲ್ಸ್’ನಂಥ ತಂತ್ರಾಂಶ ಹೋಸ್ಟಿಗೆ ಮುಚ್ಚಲು ಹೇಳುತ್ತದೆ, ಹೋಸ್ಟ್ ವಿಎಂಗಳಿಗೆ ಹೇಳುತ್ತದೆ. ಐದು ವಿಎಂಗಳು, ಒಂದರ ನಂತರ ಒಂದು, ಪ್ರತಿಯೊಂದಕ್ಕೂ ಐದು ನಿಮಿಷದವರೆಗೆ ಗಡುವು: ಒಟ್ಟು 25 ನಿಮಿಷ. ಬ್ಯಾಟರಿ ಉಳಿದಿರುವುದು ಹತ್ತು ನಿಮಿಷ. ಲಿಬ್‌ವರ್ಟ್-ಗೆಸ್ಟ್ಸ್‌ನಲ್ಲಿ ಹಲವನ್ನು ಒಟ್ಟಿಗೇ ಮುಚ್ಚುವ ಆಯ್ಕೆ ಇರುವುದು ಇಂಥ ಹೊತ್ತಿಗೇ.

ಆ ಸ್ಕ್ರಿಪ್ಟಿನ ಹೊಣೆ 2025ರಲ್ಲಿ ಲಿಬ್‌ವರ್ಟ್‌ನ ಮುಖ್ಯ ಪ್ರೋಗ್ರಾಮಿಗೇ ವರ್ಗವಾಗತೊಡಗಿತು. ಮೊದಲು ಮೆಮೊರಿ ಉಳಿಸಲು ಯತ್ನಿಸಬೇಕೇ, ಮುಚ್ಚಲು ಕೇಳಬೇಕೇ, ಕೊನೆಗೆ ಬಲವಂತವಾಗಿ ನಿಲ್ಲಿಸಬೇಕೇ ಎಂಬುದನ್ನೆಲ್ಲ ಈಗ ಅದರ ಸೆಟ್ಟಿಂಗ್ ಕಡತದಲ್ಲೇ ಬರೆಯಬಹುದು. ಜೊತೆಗೆ ಮುಂದಿನ ಒಂದು ಬೂಟ್‌ಗೆ ಮಾತ್ರ ಅನ್ವಯಿಸುವ ಆಟೋಸ್ಟಾರ್ಟ್ ಕೂಡ ಬಂದಿದೆ. ಹೋಸ್ಟ್ ಮುಚ್ಚುವಾಗ ಓಡುತ್ತಿದ್ದ ವಿಎಂಗಳು ಅದರ ನೆರವಿನಿಂದ ಮರಳಿ ಏಳುತ್ತವೆ; ಅಡ್ಮಿನ್ ಬೇಕೆಂದೇ ನಿಲ್ಲಿಸಿದ್ದವು ಹಾಗೇ ಉಳಿಯುತ್ತವೆ.